ಬೇಲಿ ಹಾಕಿದಿರಿ, ಏಣಿ ಎಲ್ಲಿ? ಇ-ಸ್ಪೋರ್ಟ್ಸ್ ಲೀಗ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಲೀಗ್‌ಗಳ ನಿಯಮ ಬರೆಯುವ ಗೇಮ್ ಕಂಪನಿಗಳ ಮುಖ್ಯಸ್ಥರಿಗೆ,

ಮಾನ್ಯರೇ,

2023ರ ಸೆಪ್ಟೆಂಬರ್ 28ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ, ಐವರ ತಂಡಗಳು ಆಡುವ ಕಂಪ್ಯೂಟರ್ ಆಟ ಲೀಗ್ ಆಫ್ ಲೆಜೆಂಡ್ಸ್‌ನ ಸೆಮಿಫೈನಲ್ ನಡೆಯಿತು. ಒಂದು ಕಡೆ ಆತಿಥೇಯ ಚೀನಾ, ಇನ್ನೊಂದು ಕಡೆ ದಕ್ಷಿಣ ಕೊರಿಯಾ. ಕೊರಿಯಾದ ಪರ ಆಡಿದ ಕನವಿ ಮತ್ತು ರೂಲರ್ ಆ ವರ್ಷವಿಡೀ ಆಡಿದ್ದು ಚೀನಾದ ಜೆಡಿ ಗೇಮಿಂಗ್ ತಂಡಕ್ಕೆ. ಎದುರು ಸಾಲಿನಲ್ಲಿ ಮಿಡ್ ಲೇನ್, ಅಂದರೆ ಆಟದ ನಡುವಿನ ದಾರಿ, ಹಿಡಿದಿದ್ದ ನೈಟ್ ಕೂಡ ಜೆಡಿ ಗೇಮಿಂಗ್‌ನವರೇ. ನಾಲ್ಕು ತಿಂಗಳ ಹಿಂದಷ್ಟೇ ಈ ಮೂವರೂ ಲಂಡನ್‌ನಲ್ಲಿ ಒಂದೇ ಜೆರ್ಸಿ ತೊಟ್ಟು, ವರ್ಷದ ನಡುವೆ ನಡೆಯುವ ಅಂತರರಾಷ್ಟ್ರೀಯ ಪಂದ್ಯಾವಳಿ ಎಂಎಸ್‌ಐ ಕಪ್ ಎತ್ತಿದ್ದರು. ಹಾಂಗ್‌ಝೌನಲ್ಲಿ ಕೊರಿಯಾ 2–0 ಅಂತರದಿಂದ ಗೆದ್ದಿತು. ಮರುದಿನ ಚಿನ್ನ ಬಂತು, ಅದರ ಹಿಂದೆಯೇ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿಯೂ ಬಂತು. ಮುಂದಿನ ತಿಂಗಳು ಮೂವರೂ ಮತ್ತೆ ಒಂದೇ ತಂಡವಾಗಿ ವಿಶ್ವ ಚಾಂಪಿಯನ್‌ಶಿಪ್ ಆಡಲು ಹೋದರು. ಅದು ನಡೆದದ್ದು ಕೊರಿಯಾದಲ್ಲಿ. ಅಂದರೆ ಕನವಿ, ರೂಲರ್ ತಮ್ಮದೇ ದೇಶಕ್ಕೆ ಪ್ರವಾಸಿ ತಂಡದವರಾಗಿ ಬಂದಿಳಿದರು.

ಇವರ ಮನೆ ಯಾವುದು? ದೇಶದ ಪರ ಆಡುವಾಗ ಉತ್ತರ ಸುಲಭ, ಪಾಸ್‌ಪೋರ್ಟ್ ನೋಡಿದರೆ ಸಾಕು. ಲೀಗ್‌ನಲ್ಲಿ ಆಡುವಾಗ ಉತ್ತರ ಹೇಳುವವರು ನೀವು. ಯಾರು ಸ್ಥಳೀಯ, ಯಾರು ಇಂಪೋರ್ಟ್, ಎಷ್ಟು ವರ್ಷ ಇದ್ದರೆ ಹೊರಗಿನವನು ಒಳಗಿನವನಾಗುತ್ತಾನೆ, ಎಲ್ಲವೂ ನಿಮ್ಮ ನಿಯಮ ಪುಸ್ತಕದಲ್ಲಿದೆ. ನಾನು ಆಟಗಾರನಲ್ಲ, ಏಜೆಂಟನಲ್ಲ, ಯಾವ ತಂಡದ ಸಂಬಳದವನೂ ಅಲ್ಲ. ಹತ್ತು ವರ್ಷಕ್ಕೂ ಮಿಗಿಲಾಗಿ ನಿದ್ದೆಗೆಟ್ಟು ಬೇರೆ ಬೇರೆ ಟೈಮ್ ಝೋನ್‌ಗಳ ಪಂದ್ಯ ನೋಡಿದವನು, ಅಷ್ಟೇ. ಆ ಸಲುಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಅತಿ ದೊಡ್ಡ ಲೀಗ್ ಜಾಲ ನಡೆಸುವ ಲೀಗ್ ಆಫ್ ಲೆಜೆಂಡ್ಸ್ ಆಟದ ಒಡೆಯ ರಯಟ್ ಗೇಮ್ಸ್‌ನಿಂದಲೇ ಶುರು ಮಾಡುತ್ತೇನೆ. 2014ರ ಸೆಪ್ಟೆಂಬರ್‌ನಲ್ಲಿ ರಯಟ್ ಒಂದು ನಿಯಮ ತಂದಿತು: ತಂಡದ ಐವರಲ್ಲಿ ಹೊರ ಪ್ರದೇಶದವರು ಇಬ್ಬರನ್ನು ಮೀರಬಾರದು. ಅದಕ್ಕೆ ಕಾರಣ ಇಲ್ಲದಿರಲಿಲ್ಲ. ಅದೇ ವರ್ಷ ಎಲ್‌ಎಂಕ್ಯು ಎಂಬ ತಂಡ ಚೀನಾದಿಂದ ಐವರಿಗೆ ಐವರೂ ಗಂಟುಮೂಟೆ ಕಟ್ಟಿಕೊಂಡು ಉತ್ತರ ಅಮೆರಿಕಕ್ಕೆ ಬಂದು, ಅಲ್ಲಿನ ಲೀಗ್ ಆಡಿ, ಅಲ್ಲಿನ ಪಾಲಿನ ಟಿಕೆಟ್‌ನಲ್ಲೇ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಿತ್ತು. ಹೀಗೇ ಬಿಟ್ಟರೆ ಹಣವಿರುವ ಲೀಗ್‌ಗಳೆಲ್ಲ ಕೊರಿಯಾ ಮತ್ತು ಚೀನಾದ ಶಾಖೆಗಳಾಗುತ್ತವೆ ಎಂಬ ಭಯ ನಿಜವಾದದ್ದೇ. ಆ ಭಯವನ್ನು ನಾನು ಹಗುರವಾಗಿ ನೋಡುತ್ತಿಲ್ಲ.

ಆಮೇಲೆ ಏನಾಯಿತು? ಅಕ್ಟೋಬರ್‌ನಲ್ಲಿ ಕೊರಿಯಾದ ಸ್ಯಾಮ್‌ಸಂಗ್ ವೈಟ್ ತಂಡ ಸೋಲ್ ನಗರದಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಕೆಲವೇ ವಾರಗಳಲ್ಲಿ ಗೆದ್ದ ವೈಟ್ ತಂಡ, ಅದರ ಸೋದರ ತಂಡ ಸ್ಯಾಮ್‌ಸಂಗ್ ಬ್ಲೂ, ಎರಡರ ಹತ್ತೂ ಆಟಗಾರರು ಚೀನಾದ ದಾರಿ ಹಿಡಿದರು. ಡ್ಯಾಂಡಿ, ಮಾಟಾ ವಿಸಿ ಗೇಮಿಂಗ್‌ಗೆ. ಡೆಫ್ಟ್, ಪಾನ್ ಇಡಿಜಿಗೆ. ನಿಯಮ ಬಾಗಿಲು ಮುಚ್ಚಲಿಲ್ಲ, ಇಬ್ಬಿಬ್ಬರಾಗಿ ಒಳಗೆ ಬನ್ನಿ ಎಂದಿತು. 2015ರ ಮೇ ತಿಂಗಳಲ್ಲಿ ಫ್ಲಾರಿಡಾದ ಟ್ಯಾಲಹಾಸಿಯಲ್ಲಿ ನಡೆದ ಮೊದಲ ಎಂಎಸ್‌ಐ ಫೈನಲ್‌ನಲ್ಲಿ ಇಡಿಜಿ ತಂಡ ಕೊರಿಯಾದ ಎಸ್‌ಕೆಟಿಯನ್ನು 3–2ರಿಂದ ಮಣಿಸಿತು. ಐದನೇ ಗೇಮ್‌ನಲ್ಲಿ ಎಸ್‌ಕೆಟಿಯ ಫೇಕರ್ ತಮ್ಮ ಲೆಬ್ಲಾಂಕ್ ಪಾತ್ರವನ್ನು ಆರಿಸಿದರು, ಪಾನ್ ಮೋರ್ಗಾನಾ ಪಾತ್ರವನ್ನು ಆರಿಸಿ ಅದಕ್ಕೆ ಅಡ್ಡ ನಿಂತರು. ಆ ಗೇಮ್ ನೋಡಿದವರು ಇಂದಿಗೂ ಅದನ್ನು ಮರೆತಿಲ್ಲ. ಕೊರಿಯಾವನ್ನು ಕೊರಿಯಾದವನೇ ಬಲ್ಲ ಎಂದು ಆಗ ಹಲವರು ಹೇಳಿದರು.

ಕೊರಿಯಾದ ಕಥೆ ಮುಗಿಯಿತು ಎಂದೂ ಹೇಳಿದರು. ಮುಗಿಯಲಿಲ್ಲ. 2015ರ ವಿಶ್ವ ಫೈನಲ್ ಎರಡು ಕೊರಿಯನ್ ತಂಡಗಳ ನಡುವೆ. 2016ರದೂ ಹಾಗೆಯೇ. 2017ರದೂ ಹಾಗೆಯೇ. ಹಿಂದಿನ ಚಾಂಪಿಯನ್ ತಂಡವನ್ನೇ ಇಡಿಯಾಗಿ ಕಳೆದುಕೊಂಡ ಪ್ರದೇಶ ಮುಂದಿನ ಮೂರು ವರ್ಷ ಫೈನಲ್‌ಗೆ ಬೇರೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಮೇಲಿನ ಮೆಟ್ಟಿಲು ಖಾಲಿಯಾದರೆ ಅದನ್ನು ಹತ್ತಲು ಕೆಳಗೆ ಹುಡುಗರು ಸಾಲುಗಟ್ಟಿ ನಿಂತಿದ್ದರು, ಅದೇ ಕಾರಣ. ಒಬ್ಬೊಬ್ಬರೇ ಆನ್‌ಲೈನ್‌ನಲ್ಲಿ ಆಡುವ ದಟ್ಟವಾದ ಸೋಲೋ ಕ್ಯೂ, ಒಂದೇ ನಗರದೊಳಗೆ ಸಿಗುವ ಸ್ಕ್ರಿಮ್ ಎಂಬ ಅಭ್ಯಾಸ ಪಂದ್ಯ, ಪ್ರತಿ ತಂಡದ ಹಿಂದೆ ಟ್ರೈನಿಗಳ ಗುಂಪು. ಹೊರಗೆ ಹೋಗುವವರಿಗೆ ಕೊರಿಯಾ ಬೇಲಿ ಹಾಕಲಿಲ್ಲ, ಒಳಗೆ ಏಣಿ ಗಟ್ಟಿಯಿತ್ತು.

ಈಗ ಚೀನಾದ ಲೆಕ್ಕ ನೋಡಿ. 2018ಕ್ಕೂ ಮೊದಲು ಅಲ್ಲಿನ ಲೀಗ್ ಎಲ್‌ಪಿಎಲ್‌ಗೆ ಒಂದೂ ವಿಶ್ವ ಪ್ರಶಸ್ತಿ ಇರಲಿಲ್ಲ. ಆ ವರ್ಷ ಇಂಚಿಯಾನ್‌ನಲ್ಲಿ ಇನ್ವಿಕ್ಟಸ್ ಗೇಮಿಂಗ್ ಗೆದ್ದಾಗ ತಂಡದಲ್ಲಿ ರೂಕಿ ಮತ್ತು ದ ಶೈ ಇದ್ದರು. 2019ರಲ್ಲಿ ಪ್ಯಾರಿಸ್‌ನಲ್ಲಿ ಫನ್‌ಪ್ಲಸ್ ಫೀನಿಕ್ಸ್ ಗೆದ್ದಾಗ ಡೊಯಿನ್‌ಬಿ ಮತ್ತು ಗಿಮ್‌ಗೂನ್. 2021ರಲ್ಲಿ ರೇಕ್ಯಾವಿಕ್‌ನಲ್ಲಿ ಇಡಿಜಿ ಗೆದ್ದಾಗ ಸ್ಕೌಟ್ ಮತ್ತು ವೈಪರ್. ಮೂರು ಸಲವೂ ಇಬ್ಬರು ಕೊರಿಯನ್ನರು, ಮೂವರು ಚೀನೀಯರು. ಇದನ್ನು ತೋರಿಸಿ "ನೋಡಿ, ದುಡ್ಡು ಕೊಟ್ಟು ಕಪ್ ಕೊಂಡರು" ಎನ್ನುವವರಿದ್ದಾರೆ. ಅವರು ಇನ್ನೊಂದು ಸಾಲು ಓದುವುದಿಲ್ಲ: 2018ರ ಫೈನಲ್‌ನ ಅತ್ಯುತ್ತಮ ಆಟಗಾರ ನಿಂಗ್, 2019ರ ಫೈನಲ್‌ನ ಅತ್ಯುತ್ತಮ ಆಟಗಾರ ಟಿಯಾನ್. ಇಬ್ಬರೂ ಚೀನಾದವರು, ಆಟದ ಕಾಡಿನ ಭಾಗ ನೋಡಿಕೊಳ್ಳುವ ಜಂಗಲರ್‌ಗಳು. 2018ರಲ್ಲಿ ಕಪ್ ಎತ್ತಿದ ಜಾಕಿಲವ್‌ಗೆ ಆಗಿನ್ನೂ 18 ತುಂಬಿರಲಿಲ್ಲ. ಹೊರಗಿನಿಂದ ಬಂದವರ ಪಕ್ಕದ ಕುರ್ಚಿಯಲ್ಲಿ ಕುಳಿತು ಬೆಳೆದವರು ಇವರು. ಡೊಯಿನ್‌ಬಿಯಂತೂ ಕೊರಿಯಾದ ಲೀಗ್‌ನಲ್ಲಿ ಹೆಸರು ಮಾಡಿ ಬಂದವರಲ್ಲ. ಚೀನಾಕ್ಕೆ ಬಂದು, ಭಾಷೆ ಕಲಿತು, ಆ ಭಾಷೆಯಲ್ಲೇ ಇಡೀ ತಂಡಕ್ಕೆ ಕಾಲ್, ಅಂದರೆ ಆಟದ ನಡುವಿನ ಸೂಚನೆ, ಕೊಡುವ ಮಟ್ಟಕ್ಕೆ ಬೆಳೆದವರು. ಅವರನ್ನೂ ನಿಮ್ಮ ಪುಸ್ತಕ ಕರೆದದ್ದು ಇಂಪೋರ್ಟ್ ಎಂದೇ. ಬಂದರಿಗೆ ಬಂದಿಳಿದ ಸರಕಿನ ಹಾಗೆ. ಈ ಪದ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಬೇರೆ ಪದ ಬಳಕೆಯಲ್ಲಿ ಇಲ್ಲದ್ದರಿಂದ ನಾನೂ ಅದನ್ನೇ ಬಳಸುತ್ತಿದ್ದೇನೆ.

ನನ್ನ ವಾದದ ನಡುಗಂಬ ಇರುವುದು ಅಟ್ಲಾಂಟಿಕ್‌ನ ಆಚೀಚೆ. ಉತ್ತರ ಅಮೆರಿಕ ಮತ್ತು ಯುರೋಪ್ ಎರಡಕ್ಕೂ ಅದೇ ಕಂಪನಿ, ಅದೇ ನಿಯಮ, ಅದೇ ಇಬ್ಬರ ಮಿತಿ. 2018ರಲ್ಲಿ ಯುರೋಪಿನ ಫ್ನಾಟಿಕ್ ವಿಶ್ವ ಫೈನಲ್ ಆಡಿತು. 2019ರಲ್ಲಿ ಜಿ2 ಎಂಎಸ್‌ಐ ಗೆದ್ದು, ಅದೇ ವರ್ಷ ವಿಶ್ವ ಫೈನಲ್ ಕೂಡ ಆಡಿತು. ಎರಡೂ ತಂಡಗಳ ಐವರೂ ಯುರೋಪಿನವರೇ. ಎರಡು ಇಂಪೋರ್ಟ್ ಜಾಗ ಇದ್ದರೂ ಅದನ್ನು ತುಂಬುವ ಗರಜು ಅವರಿಗೆ ಬೀಳಲಿಲ್ಲ. ಉತ್ತರ ಅಮೆರಿಕ? ನಿಯಮ ಬಂದ ಮೇಲೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅದರ ಅತ್ಯುತ್ತಮ ಸಾಧನೆ 2018ರಲ್ಲಿ ಕ್ಲೌಡ್9 ತಲುಪಿದ ಒಂದು ಸೆಮಿಫೈನಲ್. ಆ ತಂಡದ ಮಿಡ್ ಲೇನ್‌ನಲ್ಲಿದ್ದವರೂ ಡೆನ್ಮಾರ್ಕ್‌ನವರು. ದುಡ್ಡಿಗೇನೂ ಕೊರತೆ ಇರಲಿಲ್ಲ. 2020ರ ಕೊನೆಯಲ್ಲಿ ತೈವಾನಿನ ಸೋರ್ಡ್‌ಆರ್ಟ್ ಅವರನ್ನು ಎರಡು ವರ್ಷಕ್ಕೆ 60 ಲಕ್ಷ ಡಾಲರ್ ಕೊಟ್ಟು ತಂದುದಾಗಿ ಅಲ್ಲಿನ ಟಿಎಸ್‌ಎಂ ತಂಡ ತಾನೇ ಪ್ರಕಟಿಸಿತು. ಒಂದು ವರ್ಷ ಆಡಿ ಅವರು ಹೊರಟರು. ಆ ವರ್ಷ ತಂಡ ವಿಶ್ವ ಚಾಂಪಿಯನ್‌ಶಿಪ್‌ಗೂ ಹೋಗಲಿಲ್ಲ.

ನಿಯಮ ಒಂದೇ, ಫಲ ಎರಡು. ಹಾಗಾದರೆ ಫಲ ಬಂದದ್ದು ನಿಯಮದಿಂದಲ್ಲ. ಯುರೋಪಿನಲ್ಲಿ ಫ್ರಾನ್ಸ್‌ಗೊಂದು, ಸ್ಪೇನ್‌ಗೊಂದು, ಜರ್ಮನಿಗೊಂದು ಎಂದು ದೇಶ ದೇಶಕ್ಕೆ ಲೀಗ್‌ಗಳಿವೆ. ಅವುಗಳ ಗೆಲುವಿನ ತಂಡಗಳೆಲ್ಲ ಸೇರಿ ಆಡುವ ಯುರೋಪಿಯನ್ ಮಾಸ್ಟರ್ಸ್ 2018ರಲ್ಲಿ ಶುರುವಾಯಿತು. ಹದಿನೇಳರ ಹುಡುಗನೊಬ್ಬ ತನ್ನ ಭಾಷೆಯ ಲೀಗ್‌ನಲ್ಲಿ ತಪ್ಪು ಮಾಡಿ, ಬೈಸಿಕೊಂಡು, ತಿದ್ದಿಕೊಂಡು ಮೇಲೆ ಬರಲು ಅಲ್ಲಿ ಮೆಟ್ಟಿಲುಗಳಿವೆ. ಉತ್ತರ ಅಮೆರಿಕದಲ್ಲಿ ಮೇಲಿನ ಲೀಗ್ ಮತ್ತು ಅದರ ಕೆಳಗೊಂದು ಅಕಾಡೆಮಿ ಲೀಗ್. ಅಷ್ಟೇ. 2023ರ ಮೇ ತಿಂಗಳಲ್ಲಿ ಆ ಎರಡನೇ ಮೆಟ್ಟಿಲಿನ ತಂಡ ಇಟ್ಟುಕೊಳ್ಳುವುದು ಕಡ್ಡಾಯವಲ್ಲ ಎಂದು ರಯಟ್ ಹೇಳಿತು. ಹೆಚ್ಚಿನ ತಂಡಗಳು ಇದಕ್ಕೇ ಕಾಯುತ್ತಿದ್ದವೇನೋ ಎಂಬಂತೆ ಕೆಳಹಂತದ ತಂಡಗಳನ್ನು ಕೈಬಿಟ್ಟವು. ಆಟಗಾರರ ಸಂಘ ಮತ ಹಾಕಿ ಆಟ ಬಹಿಷ್ಕರಿಸಿತು. ಜೂನ್ 1ಕ್ಕೆ ಶುರುವಾಗಬೇಕಿದ್ದ ಸೀಸನ್ ಎರಡು ವಾರ ಮುಂದೆ ಹೋಯಿತು.

ನನಗೆ ನಿಜಕ್ಕೂ ಅರ್ಥವಾಗದ್ದು ಇದು. ಸ್ಥಳೀಯ ಪ್ರತಿಭೆ ಉಳಿಸಲು ಎಂದು ಇಂಪೋರ್ಟ್ ಮಿತಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸ್ಥಳೀಯ ಹುಡುಗ ನಿಲ್ಲುವ ಮೆಟ್ಟಿಲನ್ನು ಎಳೆದುಹಾಕಿದಿರಿ. ಮೇಲಿನ ಮೂರು ಕುರ್ಚಿ ಸ್ಥಳೀಯರಿಗೆ ಮೀಸಲು, ಸರಿ. ಆ ಕುರ್ಚಿಗೆ ಬಂದು ಕೂರುವವನು ಎಲ್ಲಿ ಕಲಿತು ಬರಬೇಕು? ಮೂರು ಕುರ್ಚಿಗೆ ಇಪ್ಪತ್ತು ಅರ್ಹರಿದ್ದರೆ ಮೀಸಲಾತಿ ರಕ್ಷಣೆಯಾಗುತ್ತದೆ. ನಾಲ್ಕೇ ಜನರಿದ್ದರೆ ಆ ನಾಲ್ವರ ಬೆಲೆ ಏರುತ್ತದೆ, ಆಟ ಏರುವುದಿಲ್ಲ.

ನನ್ನ ವಾದಕ್ಕೆ ವಿರುದ್ಧವಾದ ಉದಾಹರಣೆ ಒಂದಿದೆ, ಅದನ್ನು ಬಚ್ಚಿಟ್ಟರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. ಸ್ಟಾರ್‌ಕ್ರಾಫ್ಟ್ 2. ಒಬ್ಬರೆದುರು ಒಬ್ಬರು ಆಡುವ ಈ ಆಟದ ಒಡೆಯ ಬ್ಲಿಝಾರ್ಡ್ ಕಂಪನಿ 2013ರಲ್ಲಿ ಕೊರಿಯಾ, ಅಮೆರಿಕ, ಯುರೋಪ್ ಎಂದು ಮೂರು ಲೀಗ್ ಮಾಡಿ, ಯಾರು ಎಲ್ಲಿ ಬೇಕಾದರೂ ಆಡಬಹುದು ಎಂದಿತು. ಆ ವರ್ಷದ ಮೂರೂ ಸೀಸನ್‌ಗಳಲ್ಲಿ ಅಮೆರಿಕದ ಕಪ್ಪೂ ಯುರೋಪಿನ ಕಪ್ಪೂ ಕೊರಿಯನ್ನರ ಪಾಲಾದವು. ತನ್ನ ಊರಿನ ಲೀಗ್‌ನಲ್ಲೇ ಮೊದಲ ಸುತ್ತಿನಲ್ಲಿ ಹೊರಬೀಳುವ ಹುಡುಗ ಈ ಆಟದಿಂದ ಹೊಟ್ಟೆ ಹೊರೆಯುವುದು ಹೇಗೆ? 2016ರಿಂದ ಬ್ಲಿಝಾರ್ಡ್ ಪೂರ್ತಿ ಬಾಗಿಲು ಹಾಕಿತು: ವಾಸಿಸುವ ಪ್ರದೇಶದಲ್ಲೇ ಆಡಬೇಕು. ಮೂರು ವರ್ಷ ಕಳೆಯುವುದರೊಳಗೆ ಫಿನ್ಲೆಂಡಿನ ಸೆರಾಲ್ 2018ರ ಸರ್ಕ್ಯೂಟ್‌ನ ನಾಲ್ಕಕ್ಕೆ ನಾಲ್ಕೂ ಪಂದ್ಯಾವಳಿ ಗೆದ್ದು, ವರ್ಷದ ಕೊನೆಗೆ ಬ್ಲಿಝ್‌ಕಾನ್ ಸಮಾವೇಶದಲ್ಲಿ ನಡೆದ ವಿಶ್ವ ಫೈನಲ್‌ನಲ್ಲಿ ಕೊರಿಯಾದ ಸ್ಟ್ಯಾಟ್ಸ್ ಅವರನ್ನು 4–2ರಿಂದ ಸೋಲಿಸಿದರು. ಆ ಪ್ರಶಸ್ತಿ ಗೆದ್ದ ಮೊದಲ ಕೊರಿಯೇತರ ಆಟಗಾರ.

ಬೇಲಿ ಕೆಲಸ ಮಾಡಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹೇಗೆ ಕೆಲಸ ಮಾಡಿತು ಎಂದೂ ನೋಡಬೇಕು. ಅಲ್ಲಿ ಬೇಲಿಯೊಳಗೆ ವರ್ಷಕ್ಕೆ ನಾಲ್ಕು ಪಂದ್ಯಾವಳಿ, ಬಹುಮಾನದ ಹಣ, ಕೊನೆಗೆ ಕೊರಿಯನ್ನರ ಎದುರು ನಿಲ್ಲುವ ವೇದಿಕೆ ಎಲ್ಲವೂ ಇದ್ದವು. ಬೇಲಿಯ ಜೊತೆ ಮೆಟ್ಟಿಲೂ ಇತ್ತು. ಒಬ್ಬರಿಗೊಬ್ಬರು ಆಡುವ ಆಟ ಬೇರೆ, ಐವರು ಸೇರಿ ಆಡುವ ಆಟ ಬೇರೆ ಎಂಬುದೂ ಇದೆ. ಅದೇ ಹೊತ್ತಿಗೆ, 2016ರಲ್ಲಿ, ಈ ಆಟದ ಕೊರಿಯಾದ ತಂಡ ಲೀಗ್ ಆಗಿದ್ದ ಪ್ರೊಲೀಗ್ ಮುಚ್ಚಿಹೋಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎದುರಾಳಿಯ ಏಣಿ ಮುರಿದಿತ್ತು. ಹಾಗೆಂದು ಸೆರಾಲ್ ಸಾಧನೆಯನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಮುಂಚೆ ಹೊರಗಿನವರು ಗೆಲ್ಲಬೇಕೆಂದರೆ ಕೊರಿಯಾಕ್ಕೇ ಹೋಗಿ ಇರಬೇಕಿತ್ತು. ಕೆನಡಾದ ಗಿಯೋಮ್ ಪ್ಯಾಟ್ರಿ ಹಾಗೆ ಹೋಗಿ 2000ದಲ್ಲಿ ಕೊರಿಯಾದ ದೊಡ್ಡ ಟಿವಿ ಲೀಗ್ ಗೆದ್ದಿದ್ದರು. ಸೆರಾಲ್ ಮನೆಯಲ್ಲೇ ಕುಳಿತು ಬೆಳೆದರು. ಮನೆ ಗೆದ್ದು ಮಾರು ಗೆಲ್ಲು ಎಂಬ ಮಾತಿಗೆ ಇ-ಸ್ಪೋರ್ಟ್ಸ್‌ನಲ್ಲಿ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇಲಿಯೇ ಇಲ್ಲದೆ ನಡೆದ ಆಟಗಳೂ ಇವೆ. ಡೋಟಾ 2ರಲ್ಲಿ ಕರಾಚಿಯಲ್ಲಿ ಹುಟ್ಟಿದ ಸುಮೇಲ್ ಅಮೆರಿಕದ ತಂಡಕ್ಕೆ ಆಡಿ 2015ರಲ್ಲಿ, 16ರ ವಯಸ್ಸಿನಲ್ಲಿ, ಆ ಆಟದ ವಿಶ್ವ ಚಾಂಪಿಯನ್‌ಶಿಪ್ ಆದ ದ ಇಂಟರ್‌ನ್ಯಾಷನಲ್ ಗೆದ್ದರು. ಆಸ್ಟ್ರೇಲಿಯಾದ ಆನಾ ಯುರೋಪಿನ ಒಜಿ ತಂಡದಲ್ಲಿ ಅದನ್ನು 2018, 2019ರಲ್ಲಿ ಸತತವಾಗಿ ಗೆದ್ದರು. ಕೌಂಟರ್‌ಸ್ಟ್ರೈಕ್‌ನಲ್ಲಿ ಡೆನ್ಮಾರ್ಕ್, ನಾರ್ವೆ, ಎಸ್ಟೋನಿಯಾ, ಲಾಟ್ವಿಯಾ, ಕೆನಡಾ ಎಂದು ಐವರು ಐದು ದೇಶದವರಿದ್ದ ಫೇಝ್ ತಂಡ 2022ರಲ್ಲಿ ಆಂಟ್ವರ್ಪ್ ಮೇಜರ್ ಎಂಬ ದೊಡ್ಡ ಪಂದ್ಯಾವಳಿ ಗೆದ್ದಿತು. ಓವರ್‌ವಾಚ್ ಲೀಗ್ ಇನ್ನೂ ವಿಚಿತ್ರ. ತಂಡಗಳಿಗೆ ನಗರದ ಹೆಸರು ಇಟ್ಟಿತು, ಆಟಗಾರರು ಎಲ್ಲಿಯವರೆಂದು ಕೇಳಲಿಲ್ಲ. 2018ರ ಮೊದಲ ಕಪ್ ಗೆದ್ದ ಲಂಡನ್ ಸ್ಪಿಟ್‌ಫೈರ್‌ನಲ್ಲಿ ಲಂಡನ್ನಿನವರು ಒಬ್ಬರೂ ಇರಲಿಲ್ಲ, ಎಲ್ಲರೂ ಕೊರಿಯನ್ನರು. ಅದೇ ಸೀಸನ್‌ನಲ್ಲಿ ಆಡಿದ 40ರಲ್ಲಿ 40ನ್ನೂ ಸೋತ ಶಾಂಘೈ ಡ್ರ್ಯಾಗನ್ಸ್, ಕೊರಿಯನ್ ಆಟಗಾರರನ್ನು ತುಂಬಿಕೊಂಡು 2021ರಲ್ಲಿ ಚಾಂಪಿಯನ್ ಆಯಿತು. ಆ ಪಂದ್ಯಗಳನ್ನು ನಾನು ಖುಷಿಯಿಂದಲೇ ನೋಡಿದೆ. ಲಂಡನ್ ಎಂಬ ಹೆಸರು ಮಾತ್ರ ಬಾಡಿಗೆ ಮನೆಯ ಬಾಗಿಲಿಗೆ ಹಚ್ಚಿದ ಬೋರ್ಡಿನಂತೆ ಕಾಣುತ್ತಿತ್ತು. ಲೀಗ್ 2023ರ ನಂತರ ಉಳಿಯಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಅದು ಈ ಪತ್ರದ ವಿಷಯವಲ್ಲ.

ಇಷ್ಟು ಹೊತ್ತು ಪ್ರದೇಶ, ಲೀಗ್, ಕಪ್ ಎಂದೆ. ಈ ಎಲ್ಲದರ ನಡುವೆ ಸೂಟ್‌ಕೇಸ್ ಹಿಡಿದು ವಿಮಾನ ಹತ್ತುವವನೊಬ್ಬ ಇದ್ದಾನೆ. ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವನು. ದೂರದ ಬೆಟ್ಟ ನುಣ್ಣಗೆ ಕಂಡು ಹೋಗುತ್ತಾನೆ. ಹೋದ ಮೇಲೆ ಮೊದಲ ಗೋಡೆ ವೀಸಾ. ಕೆನಡಾದ ಲೀಗ್ ಆಫ್ ಲೆಜೆಂಡ್ಸ್ ಆಟಗಾರ ಶಿಫ್ಟರ್‌ಗೆ ಅಮೆರಿಕ 2013ರಲ್ಲಿ ಕ್ರೀಡಾಪಟುಗಳಿಗೆ ಕೊಡುವ ವೀಸಾ ಕೊಟ್ಟಾಗ ಅದು ದೊಡ್ಡ ಸುದ್ದಿ. ಅದಾಗಿ ಮೂರು ವರ್ಷಕ್ಕೆ ಸ್ವೀಡನ್ನಿನ ಸ್ಮ್ಯಾಶ್ ಆಟಗಾರ ಲೆಫೆನ್‌ಗೆ ಪ್ರವೇಶ ಸಿಗದೆ, ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಯೆಂದು ಗುರುತಿಸಿ ಎಂಬ ಮನವಿ ಶ್ವೇತಭವನದ ಮುಂದೆ ಹೋಯಿತು, ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ವೀಸಾ ಗೋಡೆ ದಾಟಿದವರ ಎದುರು ನಿಮ್ಮ ಗೋಡೆ. 2017ರ ವಿಶ್ವ ಚಾಂಪಿಯನ್ ಕೋರ್‌ಜೆಜೆ 2019ರಿಂದ ಅಮೆರಿಕದಲ್ಲೇ ಇದ್ದು, ಅಲ್ಲಿನ ಕಪ್ ಗೆದ್ದವರು. 2022ರ ಆರಂಭದಲ್ಲಿ ಅವರು ಕುರ್ಚಿಯ ಹೊರಗೆ ಕಾದು ಕುಳಿತರು. ತಂಡದ ಇಂಪೋರ್ಟ್ ಜಾಗ ತುಂಬಿತ್ತು, ಅವರ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ. ಒಬ್ಬ ಆಟಗಾರ ಯಾವ ಪ್ರದೇಶದವನು ಎಂಬುದನ್ನು ವಲಸೆ ಕಚೇರಿಯ ಅಂಚೆ ತೀರ್ಮಾನಿಸುವುದಾದರೆ ನಿಯಮ ಬರೆದವರು ಯಾಕೆ ಬೇಕು?

ಭಾಷೆಯ ಬಗ್ಗೆ ನೀವು ಬರೆದ ನಿಯಮವಂತೂ ಇಲ್ಲವೇ ಇಲ್ಲ. ಐವರ ಆಟದಲ್ಲಿ ಅರ್ಧ ಸೆಕೆಂಡ್ ತಡವಾಗಿ ಅರ್ಥವಾದ ಕಾಲ್ ಅಂದರೆ ಸತ್ತ ಕಾಲ್. ಉಕ್ರೇನಿನ ಕೌಂಟರ್‌ಸ್ಟ್ರೈಕ್ ಆಟಗಾರ ಸಿಂಪಲ್ 2016ರಲ್ಲಿ ಅಮೆರಿಕದ ಲಿಕ್ವಿಡ್ ತಂಡ ಸೇರಿ, ಅದೇ ಬೇಸಿಗೆಯಲ್ಲಿ ಕಲೋನ್ ಮೇಜರ್‌ನ ಫೈನಲ್‌ವರೆಗೂ ತಂಡವನ್ನು ಒಯ್ದರು. ಆಗಸ್ಟ್‌ಗೆ ಹೊರಟು ತಮ್ಮ ದೇಶದ ನಾವಿ ತಂಡ ಸೇರಿದರು. ಆಮೇಲಿನದು ಇತಿಹಾಸ. ಆಟ ಇದ್ದರೆ ಸಾಲದು, ಆಟದ ಹೊರಗಿನ ಇಪ್ಪತ್ತು ಗಂಟೆಯೂ ಬದುಕಬೇಕು.

ಒಪ್ಪಂದದ ಮಾತಿಗೆ ಬಂದರೆ ಈ ಪತ್ರದ ಮೊದಲಲ್ಲಿ ಕಂಡ ಕನವಿಯ ಬಳಿಗೇ ಮರಳಬೇಕು. ಆಗ ಅವರು ಕಾನೂನಿನ ಲೆಕ್ಕದಲ್ಲಿ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಚೀನಾ ತಂಡದೊಂದಿಗೆ ದೀರ್ಘಾವಧಿಯ ಒಪ್ಪಂದಕ್ಕೆ ಸಹಿ ಹಾಕುವಂತೆ ಅವರ ಮೇಲೆ ಸ್ವಂತ ದೇಶದ ತಂಡದವರೇ ಒತ್ತಡ ತಂದರು ಎಂಬ ಆರೋಪ 2019ರಲ್ಲಿ ಹೊರಬಿತ್ತು. ಕೊರಿಯಾದ ಸಂಸತ್ತಿನಲ್ಲಿ ಆ ಮಾತು ಎದ್ದಿತು, ಮುಂದಿನ ವರ್ಷ ಇ-ಸ್ಪೋರ್ಟ್ಸ್ ಆಟಗಾರರಿಗೆ ಪ್ರಮಾಣಿತ ಒಪ್ಪಂದ ಪತ್ರ ಇರಬೇಕೆಂದು ಕಾನೂನಿಗೆ ತಿದ್ದುಪಡಿಯಾಯಿತು. ಗಮನಿಸಿ, ಅದನ್ನು ಮಾಡಿದ್ದು ಒಂದು ದೇಶದ ಸಂಸತ್ತು. ಆ ಆಟಗಾರ ಗಡಿ ದಾಟಿ ಹೋದದ್ದು ನಿಮ್ಮದೇ ಒಂದು ಲೀಗ್‌ನಿಂದ ನಿಮ್ಮದೇ ಇನ್ನೊಂದು ಲೀಗ್‌ಗೆ. ಎರಡೂ ಕಡೆಯ ನಿಯಮ ಪುಸ್ತಕ ನಿಮ್ಮ ಮೇಜಿನ ಮೇಲೇ ಇತ್ತು.

ಗಡಿಗಳನ್ನಾದರೂ ನೀವು ಸ್ಥಿರವಾಗಿ ಇಟ್ಟಿದ್ದೀರಾ ಎಂದರೆ ಅದೂ ಇಲ್ಲ. 2020ರ ಕೊನೆಯಲ್ಲಿ ಓಷಿಯಾನಿಯಾದ ಲೀಗ್ ಮುಚ್ಚಿ, ಅಲ್ಲಿನ ಆಟಗಾರರು ಇನ್ನು ಉತ್ತರ ಅಮೆರಿಕದ ಸ್ಥಳೀಯರು ಎಂದು ಘೋಷಿಸಿದಿರಿ. ಸಿಡ್ನಿಯ ಹುಡುಗ ಒಂದು ಪ್ರಕಟಣೆಯಲ್ಲಿ ಅಮೆರಿಕದವನಾದ, ಅಮೆರಿಕದಲ್ಲೇ ವರ್ಷಗಟ್ಟಲೆ ಇದ್ದ ಕೊರಿಯನ್ ಹೊರಗಿನವನಾಗಿಯೇ ಉಳಿದ. 2025ರಲ್ಲಿ ಉತ್ತರ ಅಮೆರಿಕ ಮತ್ತು ಬ್ರೆಜಿಲ್ ಲೀಗ್‌ಗಳನ್ನು ಒಂದೇ ಅಮೆರಿಕ ಲೀಗ್ ಮಾಡಿದಿರಿ, ಒಂದೇ ವರ್ಷಕ್ಕೆ ಅದನ್ನು ಬಿಚ್ಚಿ ಹಳೆಯ ಹೆಸರುಗಳನ್ನು ವಾಪಸ್ ತಂದಿರಿ. ಪ್ರಯೋಗ ಮಾಡಬಾರದೆಂದಲ್ಲ. ಆದರೆ ಒಬ್ಬ ವೃತ್ತಿಪರ ಆಟಗಾರನ ಒಳ್ಳೆಯ ವರ್ಷಗಳು ಐದೋ ಆರೋ. ನಿಮ್ಮ ಪ್ರಯೋಗದ ಒಂದು ವರ್ಷ ಅವನ ಬದುಕಿನ ಆರನೇ ಒಂದು ಪಾಲು.

ಫುಟ್‌ಬಾಲ್‌ನಲ್ಲಿ ಈ ಜಗಳ ಯಾವತ್ತೋ ನಡೆದುಹೋಗಿದೆ. ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರ ನ್ಯಾಯಾಲಯಕ್ಕೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಒಕ್ಕೂಟದ ನಾಗರಿಕರಿಗೆ ವಿದೇಶಿ ಕೋಟಾ ಅನ್ವಯಿಸುವಂತಿಲ್ಲ ಎಂದಿತು. ಆಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಯೋಚಿಸಿ ಬೇರೆ ದಾರಿ ಕಂಡುಕೊಂಡಿತು: 25 ಜನರ ಪಟ್ಟಿಯಲ್ಲಿ 8 ಮಂದಿ ಸ್ಥಳೀಯವಾಗಿ ತರಬೇತಾದವರಿರಬೇಕು. ಸ್ಥಳೀಯ ಅಂದರೆ 15ರಿಂದ 21ರ ವಯಸ್ಸಿನ ನಡುವೆ ಮೂರು ವರ್ಷ ಅಲ್ಲಿ ಕಲಿತವನು. ಪಾಸ್‌ಪೋರ್ಟ್ ಯಾವುದಾದರೂ ಸರಿ. ಎಲ್ಲಿ ಹುಟ್ಟಿದೆ ಎಂದು ಕೇಳುವುದಿಲ್ಲ, ಎಲ್ಲಿ ಕಲಿತೆ ಎಂದು ಕೇಳುತ್ತದೆ. ಇ-ಸ್ಪೋರ್ಟ್ಸ್‌ನಲ್ಲಿ ಬೋಸ್ಮನ್ ಹುಟ್ಟುವುದು ಕಷ್ಟ, ಏಕೆಂದರೆ ಫುಟ್‌ಬಾಲ್ ಯಾರ ಆಸ್ತಿಯೂ ಅಲ್ಲ, ನಿಮ್ಮ ಆಟ ನಿಮ್ಮ ಆಸ್ತಿ. ಚೆಂಡು, ಮೈದಾನ, ರೆಫರಿ, ನಿಯಮ ಎಲ್ಲ ಒಬ್ಬರದೇ. ಅದಕ್ಕೇ ನ್ಯಾಯಾಲಯಕ್ಕೆ ಬರೆಯದೆ ನಿಮಗೇ ಬರೆಯುತ್ತಿದ್ದೇನೆ.

ಕೇಳುವುದು ದೊಡ್ಡದೇನಲ್ಲ. ಇಬ್ಬರ ಮಿತಿ ಇರಲಿ ಬಿಡಿ, ಅದರ ಮೇಲೆ ನನಗೆ ಹಗೆಯಿಲ್ಲ. ಆದರೆ ಮಿತಿ ಇರುವ ಲೀಗ್‌ನಲ್ಲಿ ಪ್ರತಿ ತಂಡಕ್ಕೂ ಕೆಳಹಂತದ ತಂಡ ಕಡ್ಡಾಯವಾಗಿರಲಿ. ಮೆಟ್ಟಿಲು ತೆಗೆಯುವ ದಿನ ಬೇಲಿಯನ್ನೂ ತೆಗೆಯಿರಿ, ಒಂದನ್ನಿಟ್ಟು ಇನ್ನೊಂದನ್ನು ಕೀಳಬೇಡಿ. ಸ್ಥಳೀಯತೆಯನ್ನು ಆಡಿದ ಮತ್ತು ಕಲಿತ ವರ್ಷಗಳಿಂದ ಅಳೆಯಿರಿ, ವಲಸೆ ಕಚೇರಿಯ ಚೀಟಿಯಿಂದ ಬೇಡ. ಒಮ್ಮೆ ಸಿಕ್ಕ ಸ್ಥಳೀಯತೆಯನ್ನು ಲೀಗ್ ಒಡೆದಾಗ, ಕೂಡಿದಾಗ ಕಿತ್ತುಕೊಳ್ಳಬೇಡಿ. ಪ್ರಾಯಕ್ಕೆ ಬಾರದವನು ಗಡಿ ದಾಟುವಾಗ ಅವನ ಭಾಷೆಯಲ್ಲಿ ಒಪ್ಪಂದ, ಎರಡೂ ತಂಡಗಳ ಹಂಗಿಲ್ಲದ ಒಬ್ಬ ವಕೀಲ. ಇಷ್ಟನ್ನು ಕೊಡಲಾಗದ ಲೀಗ್‌ಗೆ ಅವನನ್ನು ಕರೆಸಿಕೊಳ್ಳುವ ಹಕ್ಕೂ ಬೇಡ.

ಇನ್ನೊಂದು ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. ವಿಯೆಟ್ನಾಮಿನ ಸಾಫ್‌ಎಂ 2016ರಲ್ಲಿ ಚೀನಾಕ್ಕೆ ಹೋದರು. 2020ರಲ್ಲಿ ಪ್ರಯಾಣ ನಿರ್ಬಂಧದಿಂದ ವಿಯೆಟ್ನಾಂ ಲೀಗ್‌ನ ತಂಡಗಳು ವಿಶ್ವ ಚಾಂಪಿಯನ್‌ಶಿಪ್‌ಗೆ ಬರಲಾಗಲಿಲ್ಲ. ಅದೇ ವರ್ಷ ಸಾಫ್‌ಎಂ ಸುನಿಂಗ್ ತಂಡದಲ್ಲಿ ಶಾಂಘೈ ಫೈನಲ್ ಆಡಿದರು. ಸೋತರೂ ವಿಶ್ವ ಫೈನಲ್ ಆಡಿದ ಮೊದಲ ವಿಯೆಟ್ನಾಮೀಯ. ಅಲ್ಲಿನ ಅಭಿಮಾನಿಗಳಿಗೆ ಆ ವರ್ಷ ಸಿಕ್ಕ ಸಂಭ್ರಮ ಅದೊಂದೇ. ಹೊರಗೆ ಹೋದವನು ಊರಿಗೆ ಏನೂ ಕೊಡುವುದಿಲ್ಲ ಎನ್ನುವವರು ಆ ರಾತ್ರಿಯನ್ನು ನೆನಪಿಸಿಕೊಳ್ಳಲಿ. ಆದರೆ ಸಂಭ್ರಮದಿಂದ ಸಣ್ಣ ತಂಡದ ಕರೆಂಟ್ ಬಿಲ್ ಕಟ್ಟಲಾಗುವುದಿಲ್ಲ. ಹುಡುಗನನ್ನು ಹದಿನೈದಕ್ಕೆ ಕರೆದು, ಕುರ್ಚಿ ಕೊಟ್ಟು, ಕೋಚ್ ಕೊಟ್ಟು ಬೆಳೆಸಿದ ತಂಡಕ್ಕೆ ಅವನು ಮುಂದೆ ದೊಡ್ಡ ಲೀಗ್‌ಗೆ ಹೋದಾಗ ಏನು ಬರುತ್ತದೆ?

ಫುಟ್‌ಬಾಲ್‌ನಲ್ಲಿ ಫಿಫಾ ಇದಕ್ಕೊಂದು ಲೆಕ್ಕ ಇಟ್ಟಿದೆ. ವರ್ಗಾವಣೆ ಹಣದ ಶೇ 5ರಷ್ಟು, ಆಟಗಾರ 12ರಿಂದ 23ರ ವಯಸ್ಸಿನವರೆಗೆ ಕಲಿತ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಇದನ್ನು ಹಾಗೇ ನಕಲು ಮಾಡಿದರೆ ನಮ್ಮಲ್ಲಿ ಕೆಲಸವಾಗದು ಎಂದು ನನಗೂ ಗೊತ್ತು. ಇಲ್ಲಿ ಹೆಚ್ಚಿನವರು ನವೆಂಬರ್‌ನಲ್ಲಿ ಒಪ್ಪಂದ ಮುಗಿಸಿಕೊಂಡು ಫ್ರೀ ಏಜೆಂಟ್ ಆಗಿ ಹೋಗುತ್ತಾರೆ, ವರ್ಗಾವಣೆ ಹಣವೇ ಇರುವುದಿಲ್ಲ. ಸೊನ್ನೆಯ ಶೇ 5 ಸೊನ್ನೆಯೇ. ಆದ್ದರಿಂದ ಈ ಪಾಲನ್ನು ವರ್ಗಾವಣೆಗೆ ಕಟ್ಟದೆ ಸಹಿಗೆ ಕಟ್ಟಬೇಕು. ಇಂಪೋರ್ಟ್ ಜಾಗದಲ್ಲಿ ಒಬ್ಬನನ್ನು ಕೂರಿಸುವ ತಂಡ, ಅವನ ಮೊದಲ ವರ್ಷದ ಸಂಬಳದ ಒಂದು ಪಾಲನ್ನು ಅವನು ಕಲಿತ ತಂಡಗಳಿಗೆ ಕೊಡಲಿ. ಅವನ ಸಂಬಳದಿಂದ ಕಡಿತ ಮಾಡದೆ, ಅದರ ಮೇಲೆ.

ಇದಕ್ಕೆ ಹೊಸ ಕಚೇರಿ ಬೇಕಿಲ್ಲ. ಯಾವ ಆಟಗಾರನ ಒಪ್ಪಂದ ಯಾವ ತಂಡದೊಂದಿಗೆ, ಯಾವ ದಿನ ಮುಗಿಯುತ್ತದೆ ಎಂದು ತೋರಿಸುವ ಜಾಗತಿಕ ಒಪ್ಪಂದ ಪಟ್ಟಿಯನ್ನು ರಯಟ್ ಎಷ್ಟೋ ವರ್ಷಗಳಿಂದ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಪ್ರತಿ ನವೆಂಬರ್‌ನಲ್ಲಿ ನನ್ನಂಥವರು ಅದನ್ನು ಗಂಟೆಗೊಮ್ಮೆ ತೆರೆದು ನೋಡುತ್ತೇವೆ. ಆ ಪಟ್ಟಿಯಲ್ಲಿ ಒಂದು ಕಾಲಂ ಹೆಚ್ಚಿಗೆ ಸೇರಿಸಿ: ಈ ಆಟಗಾರ ಮೊದಲು ಆಡಿದ ತಂಡ ಯಾವುದು. ಮುಂದಿನ ನವೆಂಬರ್‌ಗೆ ಇನ್ನೂ ಸಮಯವಿದೆ.

ಇಂತಿ,
ನಿಮ್ಮ ಲೀಗ್‌ಗಳ ಒಬ್ಬ ಹಳೆಯ ನೋಡುಗ